ದಂಡೆಗೆ ಕಟ್ಟಿದ ದೋಣಿಯಲ್ಲಿ ಕುಳಿತವರು

ಮುರ್ತುಜಾಸಾಬ ಕೆಲಸ ಕಲಿತದ್ದು ನೆಲದ ಮೇಲೆ. ಬಸವನ ಬಾಗೇವಾಡಿಯ ಒಂದು ಗ್ಯಾರೇಜಿನಲ್ಲಿ ಜೀಪು, ಟ್ರಕ್ಕುಗಳ ಕೆಳಗೆ ಮಲಗಿ ಅರ್ಧ ಆಯುಷ್ಯ ಕಳೆದಿದ್ದ. ಈಜು ಬರುತ್ತಿರಲಿಲ್ಲ. ಅಂಥವನು ೧೯೭೩ರ ಬೇಸಿಗೆಯಲ್ಲಿ ಗ್ಯಾರೇಜು ಬಿಟ್ಟು, ಹರಾಜಿನಲ್ಲಿ ಸಿಕ್ಕ ಹಳೆಯ ಜೀಪಿನ ಪೆಟ್ರೋಲ್ ಎಂಜಿನ್ನನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಕೃಷ್ಣೆಯ ದಂಡೆಗೆ ಬಂದ.

ಕೊಲ್ಹಾರದ ಕೆಳಗೆ, ಅವನ ಹೆಂಡತಿ ಅಬಿದಾಳ ತವರೂರಿನ ಘಾಟು, ದೋಣಿಗಳು ನಿಲ್ಲುವ ಜಾಗ ಅದು. ಅಲ್ಲಿ ಅಂಬಿಗರ ಭೀಮಶ್ಯಾನ ದೊಡ್ಡ ಮರದ ದೋಣಿ ಇತ್ತು. ಎಂಜಿನ್ ಇವನದು, ದೋಣಿ ಅವನದು, ಜನರನ್ನು ಹೊಳೆ ದಾಟಿಸಿ ಬಂದ ತಿಕೀಟಿನ ದುಡ್ಡು ಸಮಪಾಲು ಎಂದು ಇಬ್ಬರಲ್ಲಿ ಮಾತಾಯಿತು. ದೋಣಿಯ ಹೊಟ್ಟೆಯಲ್ಲಿ ಎಂಜಿನ್ ಕೂಡಿಸಿ, ಗೇರ್‌ಬಾಕ್ಸಿನಿಂದ ಉದ್ದನೆಯ ಕಬ್ಬಿಣದ ದಂಡ ಹಿಂದಕ್ಕೆ ಹಾಯಿಸಿ, ನೀರೊಳಗಿನ ತುದಿಗೆ ಹಿತ್ತಾಳೆಯ ಫ್ಯಾನು ಹಾಕಿದರು.

ಊರವರು ಬಂದು ನೋಡಿದರು. ಯಾರೂ ಹತ್ತಲಿಲ್ಲ. ಭೀಮಶ್ಯಾನ ಅಕ್ಕ ಬಾಳಮ್ಮ ಹೇಳಿದ್ದು ಒಂದೇ ಮಾತು: “ಗಂಗವ್ವಗ ಉಡಿ ತುಂಬದ ದೋಣ್ಯಾಗ ನಾ ಅಂತೂ ಕಾಲಿಡೂದಿಲ್ಲ.” ಘಾಟಿನಲ್ಲಿ ಆಕೆಯ ಮಾತೇ ಕಟ್ಟಳೆ.

ಹೊಳೆಗೆ ಉಡಿ ತುಂಬುವ ಆ ಘಾಟಿನ ಪದ್ಧತಿ ಹೀಗಿತ್ತು. ಹೊಳೆಗೆ ಹೊಸ ನೀರು ಬಂದಾಗ ಹೆಂಗಸರು ದೋಣಿಯಲ್ಲಿ ನಡುಹೊಳೆಗೆ ಹೋಗುತ್ತಾರೆ. ದೋಣಿ ನೀರಿಗೆ ಎದುರು ಮುಖ ಮಾಡಿ ನಿಲ್ಲುತ್ತದೆ. ಹಸಿರು ಕುಪ್ಪಸದ ಖಣ, ಗಾಜಿನ ಬಳೆ, ಅರಿಷಿಣ ಕುಂಕುಮ ಇಟ್ಟ ಮೊರವನ್ನು ಮುಂಭಾಗದಿಂದ ನೀರಿಗೆ ಬಿಡುತ್ತಾರೆ. ಮೊರ ದೋಣಿಯ ಮಗ್ಗುಲಿನಿಂದ ಹಾಯ್ದು ಹಿಂದೆ ತೇಲಿ ಕಣ್ಮರೆಯಾಗುವವರೆಗೆ ದೋಣಿ ಮುಂದೆ ಹೋಗಬಾರದು, ಹಿಂದೆ ಸರಿಯಲೂ ಬಾರದು. ಅದುವರೆಗೆ ಗಂಡಸರು ಗಳ ಊರಿ ಹಿಡಿದು ನಿಲ್ಲಿಸುತ್ತಿದ್ದರು. ಎಂಜಿನ್ನಿನ ಭಾರಕ್ಕೆ ಈಗ ಗಳ ತಡೆಯುವಂತಿರಲಿಲ್ಲ. ಆ ಕೆಲಸ ಎಂಜಿನ್ನೇ ಮಾಡಬೇಕಿತ್ತು.

ಅಂದರೆ ಫ್ಯಾನು ತಿರುಗುತ್ತಲೇ ಇರಬೇಕು, ಆದರೆ ನೀರಿನ ಸೆಳವಿಗೆ ಸರಿಸಮನಾಗಿ, ಮೆಲ್ಲಗೆ. ಓಟ ಹೆಚ್ಚಾದರೆ ಮೊರವನ್ನು ಫ್ಯಾನೇ ಎಳೆದುಕೊಂಡು ಚೂರು ಮಾಡುತ್ತದೆ. ಕಡಿಮೆಯಾದರೆ ಎಂಜಿನ್ ಬಂದ್ ಬಿದ್ದು, ದೋಣಿ ಅಡ್ಡ ತಿರುಗಿ ಮೊರದ ಮೇಲೆಯೇ ಹೋಗುತ್ತದೆ. ಎರಡರಲ್ಲಿ ಯಾವುದೇ ಆದರೂ, ಹೊಳೆ ಒಲ್ಲೆ ಅಂದಿತು ಎಂದೇ ಊರು ಹೇಳುತ್ತಿತ್ತು. ಆಮೇಲೆ ಮುರ್ತುಜಾಸಾಬನ ಎಂಜಿನ್ನಿಗೆ ಆ ದಂಡೆಯಲ್ಲಿ ಜಾಗವಿರುತ್ತಿರಲಿಲ್ಲ.

ಹೊಳೆಗೆ ಹೊಸ ನೀರು ಬಂತು. ಉಡಿ ತುಂಬುವ ಹಿಂದಿನ ದಿನ ಅವನು ಭೀಮಶ್ಯಾನೊಬ್ಬನನ್ನೇ ಕೂಡಿಸಿಕೊಂಡು ಕಾರ್ಬೊರೇಟರಿಗೆ ಕೈ ಹಾಕಿದ. ಅದರಲ್ಲಿ ಎರಡು ಸ್ಕ್ರೂ. ಎಕ್ಸಿಲೇಟರ್ ಬಿಟ್ಟಾಗ ಎಂಜಿನ್ ಎಷ್ಟು ನಿಧಾನ ಓಡಬೇಕು ಎಂಬುದನ್ನು ಒಂದು ಹಿಡಿಯುತ್ತದೆ. ಪೆಟ್ರೋಲಿಗೆ ಗಾಳಿ ಎಷ್ಟು ಬೆರೆಯಬೇಕು ಎಂಬುದು ಇನ್ನೊಂದರ ಲೆಕ್ಕ. ಜೀಪಿನ ರೂಢಿಯಂತೆ ನ್ಯೂಟ್ರಲ್‌ನಲ್ಲೇ ತಿರುವಿ ಸಣ್ಣಗೆ ಓಡುವ ಹಾಗೆ ಮಾಡಿದ. ಗೇರ್ ಹಾಕಿದೊಡನೆ ಎಂಜಿನ್ ಸತ್ತಿತು.

“ಸಾಬ್ರ, ಜೀಪೂ ನಿಮ್ಮಂಗ. ನೀರಂದ್ರ ಅಂಜತೈತಿ,” ಎಂದ ಭೀಮಶ್ಯಾ.

ಮುರ್ತುಜಾಸಾಬ ಓಟ ತುಸು ಏರಿಸಿದ. ಈಗ ಗೇರಿನಲ್ಲೂ ನಡೆಯಿತು. ಸಾಕು ಎಂದುಕೊಂಡು ಮನೆಗೆ ಹೋದ.

ಮರುದಿನ ಹೆಂಗಸರು ದೋಣಿ ತುಂಬ ಕುಳಿತರು. ಬಾಳಮ್ಮ ಮೊರ ತೊಡೆಯ ಮೇಲಿಟ್ಟುಕೊಂಡಳು. ಗಳದಿಂದ ನೂಕಿ ದಂಡೆ ಬಿಡಿಸಿದರು, ಗೇರ್ ಹಾಕಿದರು. ಎಂಜಿನ್ ಎರಡು ಸಲ ನಡುಗಿ ನಿಂತುಬಿಟ್ಟಿತು. ದೋಣಿ ತೇಲಿ ಕೆಳಗಿನ ಕೆಸರಿಗೆ ತಗುಲಿತು.

“ಇಳೀರಿ,” ಎಂದಳು ಬಾಳಮ್ಮ. “ಒಲ್ಲೆ ಅಂದದ್ದು ಕೇಳಿಸ್ತಲ್ಲ?”

“ಯವ್ವಾ, ಇಳೀಬ್ಯಾಡ್ರಿ. ತಪ್ಪು ಹೊಳೀದಲ್ಲ, ನಂದು,” ಎಂದ ಮುರ್ತುಜಾಸಾಬ. “ನಿನ್ನಿ ದೋಣಿ ಖಾಲಿ ಇತ್ರಿ. ಹಿಂದಿನ ಭಾಗ ಎದ್ದು, ಫ್ಯಾನು ಅರ್ಧ ಗಾಳ್ಯಾಗ ತಿರಗತಿತ್ತು. ಇವತ್ತ ನೀವು ಕುಂತೀರಿ, ಪೂರಾ ನೀರಾಗ ಮುಳಗೇತಿ. ಭಾರ ಬಿತ್ತು, ನಿಂತತು. ನೀವು ಕುಂತಿದ್ರನ ಇದು ಸರಿ ಆಗತೈತ್ರಿ.”

ಬಾಳಮ್ಮ ಅವನ ಮುಖ ನೋಡಿದಳು. ಬೇರೆಯವನಾಗಿದ್ದರೆ ಪೆಟ್ರೋಲಿನ ಮೇಲೋ ಅಂಬಿಗನ ಮೇಲೋ ತಪ್ಪು ಹಾಕುತ್ತಿದ್ದ. ಆಕೆ ಏಳಲಿಲ್ಲ.

ದೋಣಿಯನ್ನು ಘಾಟಿಗೆ ಎಳೆತಂದು, ಆಳ ನೀರಿರುವಲ್ಲಿ, ದಂಡೆಯ ಜಾಲಿ ಮರಕ್ಕೆ ದಪ್ಪ ಹಗ್ಗದಿಂದ ಕಟ್ಟಿದರು. ಮುರ್ತುಜಾಸಾಬ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಆಮೇಲೆ ಗೇರ್ ಹಾಕಿದ. ಹಗ್ಗ ಬಿಗಿಯಿತು. ದೋಣಿ ಇದ್ದಲ್ಲೇ ಇತ್ತು.

“ಕಟ್ಟಿದ ದೋಣ್ಯಾಗ ಕುಂತು ಯಾವೂರಿಗಿ ಹೊಂಟೇವ್ರಿ?” ಎಂದು ಒಬ್ಬಳು ಕೇಳಿದಳು.

“ಬೊಂಬಾಯಿಗಿ! ಸಾಬ, ಇದಕ್ಕೂ ತಿಕೀಟ ಕೇಳಬ್ಯಾಡ ಮತ್ತ,” ಎಂದಳು ಇನ್ನೊಬ್ಬಳು.

ಅವನು ನಗಲಿಲ್ಲ. ಓಟದ ಸ್ಕ್ರೂ ಕೂದಲೆಳೆಯಷ್ಟು ಬಿಗಿ ಮಾಡಿ ಕಾದ. ಗಾಳಿಯ ಸ್ಕ್ರೂ ಸಡಿಲಿಸಿ ಮತ್ತೆ ಕಾದ. ಎಂಜಿನ್ ಆಗಾಗ ಎಡವುತ್ತಿತ್ತು. ಎಡವಿದಾಗಲೆಲ್ಲ ಬಾಳಮ್ಮನ ತೊಡೆಯ ಮೇಲಿನ ಮೊರದಲ್ಲಿ ಬಳೆಗಳು ಕಿಣಿಕಿಣಿ ಅನ್ನುತ್ತಿದ್ದವು. ಅದನ್ನು ಮೊದಲು ಗಮನಿಸಿದವಳು ಆಕೆಯೇ.

“ಹೂಂ, ಹಂಗ ತಿರವು… ಇಲ್ಲ, ಈಗ ಜಾಸ್ತಿ ಒದರಾಕತ್ತಾವು. ಹಿಂದಕ ತಿರವು.”

ಅಲ್ಲಿಂದ ಮುರ್ತುಜಾಸಾಬ ಸ್ಕ್ರೂ ನೋಡುವುದನ್ನು ಬಿಟ್ಟು ಮೊರ ನೋಡತೊಡಗಿದ. ಹಿಂದೆ, ಮುಂದೆ, ಮತ್ತೆ ಹಿಂದೆ. ಕಡೆಗೆ ಬಾಳಮ್ಮ ಕೈ ಎತ್ತಿದಳು.

“ಸುಮ್ಮನಾದ್ವು ನೋಡು. ಇನ್ನ ಮುಟ್ಟಬ್ಯಾಡ.”

ಹಗ್ಗ ಬಿಚ್ಚಿದರು. ನಡುಹೊಳೆಯಲ್ಲಿ ಭೀಮಶ್ಯಾ ದೋಣಿಯ ಮುಖವನ್ನು ನೀರಿಗೆ ಎದುರು ತಿರುಗಿಸಿದ. ಮುರ್ತುಜಾಸಾಬ ಎಕ್ಸಿಲೇಟರ್ ಬಿಟ್ಟು ಎರಡೂ ಕೈ ಮಡಿಚಿಕೊಂಡ. ಆಚೆ ದಂಡೆಯ ಒಂದು ಬಂಡೆಯ ನೇರಕ್ಕೆ ದೋಣಿ ನಿಂತಿತು. ಮೊರ ಕೆಂಪು ನೀರಿಗಿಳಿದು ಮಗ್ಗುಲಿಗೆ ಬಂದು, ಫ್ಯಾನಿನ ಹತ್ತಿರ ಒಮ್ಮೆ ಸುತ್ತು ತಿರುಗಿ, ಹಿಂದಕ್ಕೆ ಸಾಗಿತು. ಖಣದ ಹಸಿರು ಮರೆಯಾಗುವವರೆಗೂ ಎಂಜಿನ್ ಒಂದೇ ಸಮ ಗುನುಗುತ್ತಿತ್ತು.

“ಆತು,” ಎಂದಳು ಬಾಳಮ್ಮ. “ದಂಡಿಗಿ ಹೊಡಿ. ನಾಳಿ ಸಂತಿಗಿ ನನಗೊಂದು ಜಾಗಾ ಹಿಡದಿಡು.”

ಆ ದೋಣಿ ಮುಂದೆ ವರ್ಷಗಟ್ಟಲೆ ಓಡಿತು. ಹೊಸ ನೀರಿನ ದಿನ ಹೆಂಗಸರು ಯಾರೂ ಹೇಳದೆಯೇ ಬಂದು ಮೊದಲು ಕಟ್ಟಿದ ದೋಣಿಯಲ್ಲಿ ಕೂಡುತ್ತಿದ್ದರು. ಎಪ್ಪತ್ತೆಂಟರಲ್ಲಿ ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು, ಇದು ಯಾಕೆ ಎಂದು ಕೇಳಿದಳು.

“ಮೊದಲಿಂದಲೂ ಹಿಂಗ ಐತ್ಯವ್ವಾ. ಸುಮ್ನ ಕುಂಡ್ರು, ಬಳಿ ಸಪ್ಪಳಾ ಕೇಳು,” ಎಂದಳು ಬಾಳಮ್ಮ.

ಎಂಜಿನ್ನಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದ ಮುರ್ತುಜಾಸಾಬ ತಲೆ ಎತ್ತಲಿಲ್ಲ. ಸ್ಕ್ರೂಡ್ರೈವರ್ ಕಾರ್ಬೊರೇಟರಿನ ಮೇಲಿತ್ತು, ಕಣ್ಣು ಮೊರದ ಮೇಲೆ.