ಎಣ್ಣೆ ಸುಮ್ಮನಾಗುವ ತನಕ

ಈ ಮೈಯೆಣ್ಣೆಗೆ ನನಗೆ ಬಿದ್ದ ಖರ್ಚು ಮೊದಲೇ ಹೇಳಿಬಿಡ್ತೀನಿ: ಗಾಣದ ಎಳ್ಳೆಣ್ಣೆ ಒಂದು ಲೀಟರು, ಒಂದು ಹಿಡಿ ಲಾವಂಚದ ಬೇರು, ಒಂದು ಮಧ್ಯಾಹ್ನದ ಗ್ಯಾಸು, ಮತ್ತೆ ಒಬ್ಬ ನಾದಿನಿ. ಎಣ್ಣೆಗೆ ಚೌಕಾಸಿ ಮಾಡಿದೆ. ಡಬ್ಬ ನಾನೇ ಒಯ್ದಿದ್ದಕ್ಕೆ ಗಾಣದವನು ರೇಟು ಇಳಿಸಿದ. ಗರಿಕೆ, ಬೇವು ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಹಿಂದೆ ಪುಕ್ಕಟೆ. ನಾದಿನಿಗೆ ಮಾತ್ರ ಚೌಕಾಸಿ ಮಾಡಲಿಲ್ಲ, ಪೂರ್ತಿ ಬೆಲೆ ತೆತ್ತೆ. ಯಾಕೆ ಅಂತ ಕೇಳಿ.

ಅವಳಿಗೆ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಬ್ಯೂಟಿ ಪಾರ್ಲರ್. ಮನೆಮಂದಿಗೆಂದು ಕಾಯಿಸುತ್ತಿದ್ದ ಮೈಯೆಣ್ಣೆಯನ್ನು ಒಂದು ಯುಗಾದಿಗೆ ಅವಳಿಗೂ ಕೊಟ್ಟೆ. ಅವಳು ಅದನ್ನು ಗಿರಾಕಿಗಳ ಬೆನ್ನಿಗೆ, ಭುಜಕ್ಕೆ ತಿಕ್ಕಿದಳು. ಹೆಂಗಸರು ಕುರ್ಚಿಯಲ್ಲೇ ನಿದ್ದೆ ಹೋದರಂತೆ. ಆಮೇಲೆ ಪ್ರತಿ ತಿಂಗಳೂ ಬಸ್ಸಿನಲ್ಲಿ ಬಾಟಲಿ ಹೊತ್ತು ಹೋದವಳು ನಾನು. ದುಡ್ಡು ಕೊಡುತ್ತಿದ್ದಳು, ಅದರಲ್ಲಿ ತಕರಾರಿಲ್ಲ.

ಒಂದು ದಿನ ಪಾರ್ಲರಿನ ಪರದೆಯ ಈಚೆ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಗಿರಾಕಿಯೊಬ್ಬಳು ಕೇಳಿದಳು, "ಏನ್ ಘಮ ಮಾರಾಯ್ತಿ! ಯಾರು ಮಾಡೋದು ಇದನ್ನ?"

"ಇನ್ಯಾರು, ನಾನೇ. ನಮ್ಮಜ್ಜಿ ಕಾಲದ್ದು," ಅಂದಳು ನಾದಿನಿ.

"ನಿಮ್ಮತ್ತಿಗೆ ತಂದ್ಕೊಡ್ತಾರೆ ಅಂದ್ರು?"

"ಅತ್ತಿಗೆನಾ? ಅವಳು ಪಾತ್ರೆ ತೊಳೀತಾಳೆ, ಅಷ್ಟೇ."

ಒಳಗೆಲ್ಲ ನಗು. ನಾನು ಒಳಗೆ ಹೋದೆ, ಬಾಟಲಿ ಇಟ್ಟೆ, ಕೊಟ್ಟ ಕಾಫಿ ಕುಡಿದೆ. ಸಕ್ಕರೆ ಕಡಿಮೆಯಿತ್ತು. ಅದನ್ನೂ ಹೇಳಲಿಲ್ಲ.

ಈ ಎಣ್ಣೆ ಅವಳಜ್ಜಿಯದ್ದೂ ಅಲ್ಲ, ನನ್ನಜ್ಜಿಯದ್ದೂ ಅಲ್ಲ. ಪಕ್ಕದ ಮನೆಯ ತಮಿಳು ಅಕ್ಕ ಕಲಿಸಿದ್ದು. ಬಾಣಲೆ ಚಟಪಟ ಅನ್ನುವಾಗಲೇ ನಾನು ಇಳಿಸಲು ಹೋದರೆ ಕೈ ಹಿಡಿದು, "ಪೇಸುದು ಪಾರು!" ಅನ್ನುತ್ತಿದ್ದಳು. ಎಣ್ಣೆ ಇನ್ನೂ ಮಾತಾಡ್ತಾ ಇದೆ ನೋಡು, ಅಂತ. ಸೊಪ್ಪಿನ ನೀರು ಒಳಗಿರುವಷ್ಟು ಹೊತ್ತೂ ಎಣ್ಣೆ ಮಾತಾಡುತ್ತೆ. ಅದು ಸುಮ್ಮನಾದ ಮೇಲೆಯೇ ಇಳಿಸಬೇಕು. ನಾದಿನಿಯ ವಿಷಯದಲ್ಲೂ ನಾನು ಹಾಗೇ ಕಾದೆ.

ಗಂಡನ ದಾಯಾದಿ ಮನೆಯಲ್ಲಿ ಹುಡುಗಿಗೆ ಮದುವೆ ಗೊತ್ತಾಯಿತು. ಎಣ್ಣೆ ಶಾಸ್ತ್ರಕ್ಕೆ ಎಣ್ಣೆ ತನ್ನದೇ ಎಂದು ನಾದಿನಿ ಮುಂದೆ ಬಿದ್ದು ಒಪ್ಪಿಕೊಂಡಳು. ಮದುವೆ ಇನ್ನೂ ದೂರವಿದ್ದಾಗಲೇ ಫೋನು.

"ಅತ್ತಿಗೆ, ಈ ಸಲ ನಾನೇ ಕಾಯಿಸ್ತೀನಿ. ಏನೇನು ಹಾಕ್ತೀರಾ ಹೇಳಿ."

ಫೋನಿನಲ್ಲಿ 'ಹಾಕ್ತೀರಾ', ಪರದೆ ಹಿಂದೆ 'ತೊಳೀತಾಳೆ'. ಇರಲಿ. ಗರಿಕೆ, ಬೇವು, ಅರಿಶಿನದ ಕೊಂಬು, ಲಾವಂಚ, ಎಲ್ಲ ಅಳತೆ ಸಮೇತ ಹೇಳಿದೆ. ಒಂದೆಲೆಯನ್ನೂ ಮುಚ್ಚಿಡಲಿಲ್ಲ.

"ಎಷ್ಟೊತ್ತು ಕಾಯಿಸ್ಬೇಕು?"

"ಹಸಿರು ಬಿಡೋ ತನಕ."

ಸುಳ್ಳಲ್ಲ. ಹಸಿರು ಬಿಡುತ್ತೆ. ಆದರೆ ಸೊಪ್ಪು ಎಣ್ಣೆಗೆ ಹಸಿರು ಬೇಗ ಬಿಡುತ್ತೆ, ನೀರು ನಿಧಾನಕ್ಕೆ ಹೋಗುತ್ತೆ.

"ಅಷ್ಟೇನಾ ಅತ್ತಿಗೆ?"

"ಅಷ್ಟೇ. ಪಾತ್ರೆ ಚೆನ್ನಾಗಿ ತೊಳ್ಕೋ."

ಶಾಸ್ತ್ರದ ದಿನ ರಿಬ್ಬನ್ ಕಟ್ಟಿದ ಬಾಟಲಿ ಬಂತು. ನಾದಿನಿಯ ಅರ್ಧ ಗಿರಾಕಿಗಳು ಅಲ್ಲೇ ಜಮಖಾನೆ ಮೇಲೆ ಕೂತಿದ್ದರು. ಹುಡುಗಿಯನ್ನು ಮಣೆ ಮೇಲೆ ಕೂರಿಸಿ, ಹಿರಿಯ ಮುತ್ತೈದೆಯೊಬ್ಬರು ಗರಿಕೆಯನ್ನು ಎಣ್ಣೆಗೆ ಅದ್ದಿ ಪಾದಕ್ಕೆ, ಮಂಡಿಗೆ, ಭುಜಕ್ಕೆ ಮುಟ್ಟಿಸಿದರು. ಅಲ್ಲಿ ತನಕ ಸರಿ. ಗರಿಕೆ ನೆತ್ತಿಗೆ ಏರುವಾಗ ಮೂಗನ್ನು ದಾಟಿಯೇ ಏರಬೇಕಲ್ಲ! ಹುಡುಗಿ ಮುಖ ಕಿವುಚಿದಳು.

"ಅಯ್ಯ, ಕಮಟು ಕಣ್ರೇ!" ಅಂದರು ಆ ಹಿರಿಯರು. "ಒದ್ದೆ ಬಟ್ಟೆ ಮುದುರಿಟ್ಟ ಹಾಗಿದೆ."

"ಅದು ಗಿಡಮೂಲಿಕೆ ವಾಸನೆ ದೊಡ್ಡಮ್ಮ," ಅಂದಳು ನಾದಿನಿ.

"ಗಿಡಮೂಲಿಕೆ ನಾನೂ ಕಂಡಿದ್ದೀನಿ, ಸುಮ್ನಿರೇ."

ನನ್ನ ಬ್ಯಾಗಿನಲ್ಲಿ ಬಾಟಲಿ ರೆಡಿ ಇತ್ತು. ಎದ್ದು ಮುಚ್ಚಳ ತೆಗೆದೆ. "ಪಾತ್ರೆ ತೊಳೆಯೋಳು ಸರಿಯಾಗಿ ತೊಳೆದಿಲ್ಲ ಅಂತ ಕಾಣುತ್ತೆ," ಅಂದೆ, ಜಮಖಾನೆಯ ಕೊನೆಯವರಿಗೂ ಕೇಳುವ ಹಾಗೆ. ಲಾವಂಚದ ಘಮ ಮನೆಗೆಲ್ಲ ಹರಡಿತು. ನಾದಿನಿ ನನ್ನ ಮುಖ ನೋಡಿದಳು. ಕಿವಿ ತನಕ ಕೆಂಪಾದಳು. ಈಗಲೂ ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಕಣ್ಣು ಮುಚ್ಚಿದಾಗ ಆ ಮುಖವನ್ನೇ ನೆನೆಸಿಕೊಳ್ತೀನಿ. ಅರ್ಧ ಆಯಾಸ ಅದರಿಂದಲೇ ಇಳಿಯುತ್ತೆ.

ಆಮೇಲೊಮ್ಮೆ ಹಣ್ಣು ಹಿಡಿದು ಭದ್ರಾವತಿಗೆ ಬಂದಳು. "ಏನೋ ಒಂದು ನೀವು ಹೇಳಲಿಲ್ಲ ಅತ್ತಿಗೆ."

"ಕೇಳಿದ್ದೆಲ್ಲ ಹೇಳಿದೀನಲ್ಲ."

ಹೋದವಳು ಮತ್ತೆ ಬಂದಿಲ್ಲ. ಅವಳಿಗೆ ಹೇಳೋದೂ ಇಲ್ಲ. ಅವಳ ಗಿರಾಕಿಗಳಿಗೆ ಮಾತ್ರ ಒಬ್ಬೊಬ್ಬರನ್ನೇ ಕೂರಿಸಿ ಪುಕ್ಕಟೆ ಕಲಿಸಿದ್ದೀನಿ. ಈಗ ನಿಮಗೂ. ಅವಳು ಓದುವವಳಲ್ಲ, ಹೆದರಿಕೆಯಿಲ್ಲ.

ಸೊಪ್ಪು ತೊಳೆದು ನೆರಳಲ್ಲಿ ಬಾಡಿಸಿ, ಆಮೇಲೆ ಅರೆದು, ಅರಿಶಿನದ ಕೊಂಬು, ಲಾವಂಚದ ಜೊತೆ ಎಣ್ಣೆಗೆ ಹಾಕಿ. ಉರಿ ಸಣ್ಣಗಿರಲಿ, ತಳ ಹಿಡಿಯದ ಹಾಗೆ ಕೈಯಾಡಿಸ್ತಾ ಇರಿ. ಬಣ್ಣ ನೋಡಿ ಮೋಸ ಹೋಗಬೇಡಿ, ಕಿವಿ ಕೊಡಿ. ಸದ್ದು ಅಡಗಿತು ಅನ್ನಿಸಿದಾಗ ತಳದ ಚರಟವನ್ನು ಚಮಚದಲ್ಲಿ ತೆಗೆದು, ಆರಿದ ಮೇಲೆ ಬೆರಳಲ್ಲಿ ಹೊಸೆಯಿರಿ. ಬತ್ತಿಯ ಹಾಗೆ ಬರಬೇಕು. ಬಾಣಲೆಯಿಂದ ದೂರ ಒಯ್ದು ದೀಪಕ್ಕೆ ಹಿಡಿಯಿರಿ. ಚಟ್ ಅಂದರೆ ನೀರಿದೆ, ಇನ್ನೂ ಕಾಯಿಸಿ. ಸುಮ್ಮನೆ ಉರಿದರೆ ಇಳಿಸಿ, ಆರಿಸಿ, ಸೋಸಿ. ಮೊದಲ ಸಲ ಮೊಣಕೈ ಒಳಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ, ಗಾಯಕ್ಕೆ ಬೇಡ. ಗಾಜಿನ ಬಾಟಲಿಯಲ್ಲೇ ತುಂಬಿ. ಬಾಟಲಿಯಲ್ಲಿ ಒಂದು ಹನಿ ನೀರು ಉಳಿದರೂ ಪಟ್ಟ ಪಾಡೆಲ್ಲ ಕಮಟು. ಅದಕ್ಕೇ ಹೇಳೋದು, ಪಾತ್ರೆ ನೀವೇ ತೊಳೆದು ನೀವೇ ಒರೆಸಿ. ಅದು ಸಣ್ಣ ಕೆಲಸ ಅಲ್ಲ.