ಹೇಳಿದ್ದನ್ನು ತಿರುಗಿ ಹೇಳುವುದು

ನಮ್ಮ ಮನೆಯಲ್ಲಿ ಅಪ್ಪ ಏನೇ ಹೇಳಿದರೂ ಉತ್ತರ ಒಂದೇ: ಆತು. ವಖಾರಿಗೆ ಹೋಗು ಅಂದರೆ ಆತು, ಇವತ್ತು ಹೋಗಬೇಡ ಅಂದರೂ ಆತು. ಅದರ ಮೇಲೆ ಒಂದು ಶಬ್ದ ಹೆಚ್ಚಿಗೆ ಆಡುವ ಹಾಗಿರಲಿಲ್ಲ. ಸಣ್ಣವನಿದ್ದಾಗ ಒಮ್ಮೆ, ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವರ ಮಾತನ್ನೇ ಅವರಿಗೆ ತಿರುಗಿ ಹೇಳಿದ್ದೆ, ಬಂದರಿಗೆ ಹೋಗಿ ಮಚವೆ ಬಂತಾ ನೋಡಿಕೊಂಡು ಬರಬೇಕು ಅಲ್ದಾ ಅಂತ. ಕಪಾಳಕ್ಕೆ ಬಿತ್ತು. "ಎಂತಾ, ನನ್ನ ಅಣಕ ಮಾಡ್ತ್ಯಾ?" ಅಂದರು. ದೊಡ್ಡವರ ಮಾತನ್ನು ಅವರ ಮುಖಕ್ಕೇ ತಿರುಗಿ ಆಡಿದರೆ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಅದು ಅಣಕವೇ. ಬೇರೆ ಮನೆಗಳಲ್ಲಿ ಬೈದು ಬಿಡುತ್ತಿದ್ದರು, ನಮ್ಮಲ್ಲಿ ಹೊಡೆತ.

ಅಪ್ಪನಿಗೆ ಹೊನ್ನಾವರದ ಬಂದರಿನಲ್ಲಿ ಹಂಚಿನ ವಖಾರಿ ಇತ್ತು. ಮಂಗಳೂರಿನಿಂದ ಮಚವೆಗಳಲ್ಲಿ, ಅಂದರೆ ದೊಡ್ಡ ಹಾಯಿದೋಣಿಗಳಲ್ಲಿ, ಹಂಚು ಬರುತ್ತಿತ್ತು. ಅತ್ತ ಗೇರುಸೊಪ್ಪ, ಇತ್ತ ಭಟ್ಕಳದವರೆಗೆ ಮನೆ ಕಟ್ಟುವವರೆಲ್ಲ ಅವರ ಗಿರಾಕಿಗಳು. ನನಗೆ ವಿಮಾನ ಕಲಿಯಲು ಸರಕಾರದ ಸ್ಟೈಪೆಂಡ್ ಸಿಕ್ಕಿದಾಗ ಅವರು ಒಪ್ಪಿದ್ದು ನನ್ನ ಆಸೆ ನೋಡಿ ಅಲ್ಲ. ಮಗ ವಿಮಾನ ಹಾರಿಸ್ತಾನೆ ಅಂತ ಗಿರಾಕಿಗಳ ಎದುರು ಹೇಳಿಕೊಳ್ಳಲು ಚೆಂದ ಇತ್ತು, ಅಷ್ಟೆ.

ಫ್ಲೈಯಿಂಗ್ ಕ್ಲಬ್ಬು ಘಟ್ಟದ ಮೇಲಿನ ಒಂದು ಶಹರದಲ್ಲಿತ್ತು. ಅಲ್ಲಿನ ಮೇಷ್ಟ್ರು ವಾಯುಪಡೆಯಿಂದ ನಿವೃತ್ತರಾಗಿ ಬಂದವರು, ಬಾಯಿ ತೆರೆದರೆ ಬೈಗುಳ. ವಿಮಾನ ಏರಿಸುವುದು, ಇಳಿಸುವುದು ನನಗೆ ಬೇಗ ಕೈಹತ್ತಿತು. ಅವರೇ ಒಮ್ಮೆ, ಮನಸ್ಸಿಲ್ಲದ ಮನಸ್ಸಿನಿಂದ, ಪರವಾಗಿಲ್ಲ ಅಂದಿದ್ದರು. ಆಮೇಲೆ ರೇಡಿಯೊ ಇದ್ದ ವಿಮಾನದಲ್ಲಿ ಕೂರಿಸಿದರು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ರೇಡಿಯೊದ ನಿಯಮ ಕಷ್ಟದ್ದೇನಲ್ಲ. ಟವರಿನಲ್ಲಿ ಕೂತವರು ಒಂದು ಅಪ್ಪಣೆ ಕೊಟ್ಟರೆ ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಅವರಿಗೇ ತಿರುಗಿ ಒಪ್ಪಿಸಬೇಕು. ಕೇಳಿ ಅವರು 'ಕರೆಕ್ಟ್' ಅನ್ನಬೇಕು. ಬರೀ 'ರೋಜರ್' ಅಂದರೆ ಕೇಳಿಸಿತು ಅಂತ ಮಾತ್ರ, ಏನು ಕೇಳಿಸಿತು ಅಂತ ಅವರಿಗೆ ಗೊತ್ತಾಗುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠ ಇತ್ತು. ಆದರೆ ನಮ್ಮ ಟವರಿನ ದನಿ ವಯಸ್ಸಾದವರ ದನಿ, ಕೆಮ್ಮಿ ಕೆಮ್ಮಿ ಗಡಸಾದ ದನಿ. ಅದು ಕಿವಿಗೆ ಬಿದ್ದ ಕೂಡಲೇ ನನ್ನ ನಾಲಿಗೆ 'ರೋಜರ್' ಅಂದು ಸುಮ್ಮನಾಗಿಬಿಡುತ್ತಿತ್ತು. ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿದ್ದೆ. ಹೇಳಿದ್ದನ್ನು ತಿರುಗಿ ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ರನ್‌ವೇಯ ಅಂಚಿನಲ್ಲಿದ್ದೆ, ಹಿಂದಿನ ಸೀಟಿನಲ್ಲಿ ಮೇಷ್ಟ್ರು; ರೇಡಿಯೊದ ಮಾತನ್ನು ಅವರು ಪೂರ್ತಿ ನನಗೇ ಬಿಟ್ಟಿದ್ದರು. ಒಂದು ಡಕೋಟಾ ವಿಮಾನ ಜನರನ್ನು ತುಂಬಿಕೊಂಡು ಇಳಿಯಲು ಬರುತ್ತಿತ್ತು. ಅಲ್ಲೇ ನಿಲ್ಲು, ರನ್‌ವೇಗೆ ಬರಬೇಡ ಎಂದಿತು ಟವರು. 'ರೋಜರ್' ಅಂದೆ, ನಿಂತೆ. ತಿರುಗಿ ಹೇಳು ಎಂದಿತು. 'ರೋಜರ್' ಅಂದೆ. ಮತ್ತೆ ಕೇಳಿತು. ಮತ್ತೆ ಅದೇ. ನಾನು ನಿಲ್ಲುತ್ತೇನೋ ನುಗ್ಗುತ್ತೇನೋ ಖಾತ್ರಿಯಾಗದೆ ಟವರಿನವರು ಡಕೋಟಾವನ್ನು ಇಳಿಯಲು ಬಿಡಲಿಲ್ಲ. ಅದು ನೆಲದ ಹತ್ತಿರಕ್ಕೆ ಬಂದು, ಗುಡುಗುತ್ತ ಮತ್ತೆ ಮೇಲೆದ್ದು ಹೋಯಿತು.

ಮೇಷ್ಟ್ರು ನನ್ನನ್ನು ಇಳಿಸಿ, ಕ್ಲಬ್ಬಿನ ಎಲ್ಲರೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಝಾಡಿಸಿದರು. ನಿಮ್ಮ ಊರಿನಲ್ಲಿ ಮನುಷ್ಯರಿಗೆ ನಾಲಿಗೆ ಇಲ್ಲವೋ, ಮೀನಿನ ಜೊತೆ ಬೆಳೆದವನೋ ನೀನು ಎಂದರು. ಉಳಿದವರು ನಕ್ಕರು. ಮಳೆ ಮುಗಿದ ಮೇಲೆ ರೇಡಿಯೊ ಪರೀಕ್ಷೆ. ಅದರಲ್ಲಿ ಫೇಲಾದರೆ ಒಬ್ಬನೇ ಹಾರುವ ಅಪ್ಪಣೆಯೂ ಇಲ್ಲ, ಸ್ಟೈಪೆಂಡೂ ಇಲ್ಲ. ಅಲ್ಲಿಯವರೆಗೆ ಮನೆಗೆ ಹೋಗಿ ಮಾತಾಡಲು ಕಲಿತು ಬಾ, ಆಗದಿದ್ದರೆ ಬರಲೇಬೇಡ ಎಂದು ಕಳಿಸಿದರು. ಅವರು ಬೈದದ್ದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು, ಅಷ್ಟೆಲ್ಲ ಬೈಸಿಕೊಂಡು ಕೊನೆಗೆ ನಾನು 'ಎಸ್ ಸರ್' ಅಂದದ್ದಕ್ಕೆ. ಅದೂ ಒಂದು ಆತುವೇ ಅಲ್ಲವೇ?

ಘಟ್ಟ ಇಳಿದು ಕುಮಟೆಗೆ ಬರುವಷ್ಟರಲ್ಲಿ ಜಡಿಮಳೆ. ಬಸ್ಸಿನಲ್ಲಿ ಕೂತು ಅಪ್ಪನನ್ನು ಮನಸ್ಸಿನಲ್ಲೇ ಬೈಯುತ್ತ ಹೊನ್ನಾವರಕ್ಕೆ ಬಂದೆ. ಮಳೆಗಾಲದಲ್ಲಿ ಸಮುದ್ರಕ್ಕೆ ಮಚವೆ ಇಳಿಯುವುದಿಲ್ಲ, ಅಪ್ಪನಿಗೆ ಕೆಲಸವಿಲ್ಲ. ಇಡೀ ದಿನ ಜಗಲಿಯಲ್ಲಿ ಕೂತು ಮನೆಯವರ ಮೇಲೆ ಹರಿಹಾಯುವುದೇ ಕೆಲಸ.

ಅಕ್ಕನಿಗೆ ಮಾತ್ರ ವಿಷಯ ಹೇಳಿದೆ. ಹೈಸ್ಕೂಲು ಓದಿದ್ದಳು, ಇಂಗ್ಲಿಷ್ ಓದಲು ಬರುತ್ತಿತ್ತು. ಕ್ಲಬ್ಬಿನಲ್ಲಿ ಕೊಟ್ಟಿದ್ದ ಟೈಪು ಹೊಡೆದ ಹಾಳೆಗಳನ್ನು ಹಿಡಿದು ಅವಳು ಒಳಕೋಣೆಯಲ್ಲಿ ಟವರಾದಳು, ಗೋಡೆಯ ಈಚೆ ನಾನು ವಿಮಾನ. ಅವಳು ಹೇಳಿದ್ದನ್ನೆಲ್ಲ ನಾನು ಪಟಪಟ ತಿರುಗಿ ಒಪ್ಪಿಸಿದೆ. ಹಾಳೆಯಲ್ಲಿ 'ಅನೇಬಲ್' ಎಂಬ ಶಬ್ದವಿತ್ತು. ಅಪ್ಪಣೆ ಪಾಲಿಸಲು ಆಗದಿದ್ದರೆ ಪೈಲಟ್ಟು ಹಾಗೆ ಹೇಳಬಹುದು ಅಂತ ವಿವರಿಸಿದೆ. ಅವಳು ನಂಬಲಿಲ್ಲ.

"ದೊಡ್ಡವ್ರ ಹತ್ರ ಹೀಂಗೂ ಹೇಳ್ಲಕ್ಕಾ?" ಎಂದಳು. ಆಮೇಲೆ ಹಾಳೆ ಮಡಚಿ, "ನನ್ನ ಹತ್ರ ಹೇಳೂಕೆ ನಿಂಗೆ ಎಂತ ಕಷ್ಟ? ಅಪ್ಪನ ಹತ್ರ ಹೇಳು ನೋಡ್ವ" ಎಂದಳು.

ಅವಳ ಮೇಲೂ ಸಿಟ್ಟು ಬಂತು. ಅವಳು ಹೇಳಿದ್ದು ನಿಜವಾಗಿದ್ದಕ್ಕೇ ಬಂತು.

ಗೋಡೆಯಾಚೆ ಈಚೆ ನಡೆಯುತ್ತಿದ್ದ ಈ ಮಾತು ಅಪ್ಪನ ಕಿವಿಗೆ ಬೀಳದೆ ಇರುತ್ತದೆಯೇ? ಅಕ್ಕನನ್ನು ಕರೆದು ಕೇಳಿ, ಎಲ್ಲ ತಿಳಿದುಕೊಂಡರು. ಮರುದಿನ ಊಟಕ್ಕೆ ಕೂತಾಗ, ಎಲೆಯಿಂದ ತಲೆ ಎತ್ತದೆ ಹೇಳಿದರು: "ಮಳೆ ಕಳದ ಮೇಲೆ ವಖಾರಿಲಿ ಕೂತ್ಕ. ವಿಮಾನ ಸಾಕು."

ಬಡಿಸುತ್ತಿದ್ದ ಅಮ್ಮ, ಬಾಗಿಲಲ್ಲಿದ್ದ ಅಕ್ಕ, ಇಬ್ಬರೂ ನನ್ನ ಆತುವಿಗಾಗಿ ಕಾದರು. ಅದು ಗಂಟಲವರೆಗೆ ಬಂದಿತ್ತು. ನನ್ನ ಬದುಕನ್ನು ಉಪ್ಪಿನಕಾಯಿ ಕೇಳಿದ ಹಾಗೆ ಎರಡು ಮಾತಿನಲ್ಲಿ ಮುಗಿಸಿಬಿಟ್ಟಿದ್ದರು!

"ಮಳೆ ಕಳದ ಮೇಲೆ ನಾನು ವಖಾರಿಲಿ ಕೂತ್ಕಬೇಕು. ವಿಮಾನ ಸಾಕು. ಇಷ್ಟೇ ಅಲ್ದಾ ಅಪ್ಪಾ, ನೀವು ಹೇಳಿದ್ದು?"

ಅಪ್ಪ ತಲೆ ಎತ್ತಿದರು. ಕೈಯಲ್ಲಿ ಅನ್ನ ಇತ್ತು, ಇಲ್ಲದಿದ್ದರೆ ಆ ಕೈ ಎಲ್ಲಿಗೆ ಬರುತ್ತಿತ್ತು ಎಂದು ನನಗೆ ಗೊತ್ತು. ಅನ್ನವನ್ನು ಎಲೆಗೆ ಬಿಟ್ಟು, "ಹೌದು" ಎಂದರು.

"ಆಗೂದಿಲ್ಲ" ಅಂದೆ.

ಅವರು ಎಲೆ ಬಿಟ್ಟು ಎದ್ದರು. ಅಮ್ಮ ಅತ್ತಳು. ನಾನು ಊಟ ಮುಗಿಸಿಯೇ ಎದ್ದೆ, ಒಂದು ಅಗುಳನ್ನೂ ಬಿಡಲಿಲ್ಲ. ಆಮೇಲೆ ಮಳೆ ಮುಗಿಯುವವರೆಗೂ ನನಗೂ ಅಪ್ಪನಿಗೂ ಮಾತಿರಲಿಲ್ಲ. ಹೊರಡುವ ದಿನ ಅಕ್ಕ ಬಸ್ಸಿನವರೆಗೆ ಬಂದಳು, ಅವರು ಜಗಲಿಯಿಂದ ಏಳಲಿಲ್ಲ.

ಪರೀಕ್ಷೆಯಲ್ಲಿ ನನ್ನನ್ನು ಒಂದು ಕೋಣೆಯಲ್ಲಿ ಹೆಡ್‌ಫೋನು ಹಾಕಿ ಕೂರಿಸಿದರು, ಪರೀಕ್ಷಕರು ಪಕ್ಕದ ಕೋಣೆಯಲ್ಲಿ. ಅದೂ ವಯಸ್ಸಾದ ದನಿಯೇ. ಅದು ಹೇಳಿದ್ದನ್ನೆಲ್ಲ ಸಿಟ್ಟಿನಲ್ಲೇ, ಒಂದಕ್ಷರ ಬಿಡದೆ, ತಿರುಗಿ ಒಪ್ಪಿಸಿದೆ. 'ಕರೆಕ್ಟ್' ಎಂದಿತು ಆ ದನಿ. ಆ ವಾರವೇ ಒಬ್ಬನೇ ಹಾರಿಸಿದೆ. ಮೇಷ್ಟ್ರು ಕೈಕುಲುಕಲು ಬಂದರು. ಮೀನಿನ ಮಾತು ನೆನಪಿತ್ತು, ಕೈ ಕೊಟ್ಟೆ, ಮುಖ ಕೊಡಲಿಲ್ಲ.

ರಜೆಗೆ ಊರಿಗೆ ಬಂದ ದಿನ ಅಪ್ಪ ಮನೆಯಲ್ಲಿರಲಿಲ್ಲ, ಭಟ್ಕಳಕ್ಕೆ ಹೋಗಿದ್ದರು. ಶರಾವತಿಗೆ ಆಗ ಸೇತುವೆ ಇರಲಿಲ್ಲ, ಆಚೆ ದಡದಲ್ಲಿ ಬಸ್ಸಿಳಿದು ಲಾಂಚಿನಲ್ಲಿ ದಾಟಬೇಕು. ನಾನೇ ಲಾಂಚು ಬಂದು ನಿಲ್ಲುವ ಧಕ್ಕೆಗೆ ಹೋಗಿ ನಿಂತೆ. ಅವರು ಚೀಲ ಹಿಡಿದು ಇಳಿದರು, ನನ್ನನ್ನು ನೋಡಿ ನಿಂತರು. ಸುತ್ತ ಪೇಟೆಯ ಗುರುತಿನವರೆಲ್ಲ ಇದ್ದರು.

"ಪಾಸಾದೆ. ಒಬ್ಬನೇ ಹಾರ್ಸಿದೆ" ಅಂದೆ.

ಆತು ಅನ್ನುತ್ತಾರೆ, ನಡೆದುಬಿಡುತ್ತಾರೆ ಅಂದುಕೊಂಡಿದ್ದೆ. ಅಪ್ಪ ನನ್ನ ಮುಖವನ್ನೇ ನೋಡುತ್ತ, ಅಷ್ಟು ಜನರ ಎದುರು, ನಿಧಾನವಾಗಿ ಹೇಳಿದರು: "ನೀ ಪಾಸಾದಿ. ಒಬ್ಬನೇ ಹಾರ್ಸಿದಿ. ಅಲ್ದಾ?"

ಹೇಳಿ, ನನ್ನ ಉತ್ತರಕ್ಕೆ ಕಾದು ನಿಂತರು. ಟವರಿನವರು ಯಾವ ಪೈಲಟ್ಟನ್ನೂ ಅಷ್ಟು ಹೊತ್ತು ಕಾಯಿಸುವುದಿಲ್ಲ. ನಾನು ಕಾಯಿಸಿದೆ. ಲಾಂಚು ಖಾಲಿಯಾಗುವವರೆಗೂ ಕಾಯಿಸಿ, ಆಮೇಲೆ "ಹೌದು" ಅಂದೆ.