ನಾದಿನಿಯ ಮುತ್ತಿಗೆಗೆ ಮೀನಾಕ್ಷಿ ಕಟ್ಟಿದ ಸೂಟ್‌ಕೇಸು

ಹೊಸದುರ್ಗದ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಯಂತ್ರ ತುಳಿಯುತ್ತಿರುವ ಮೀನಾಕ್ಷಿ, ಆಗಸ್ಟ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನವೇ ಅಂಗಡಿಯ ಬಾಗಿಲೆಳೆದು ಮನೆಗೆ ಬಂದಳು. ಮಂಚದ ಮೇಲೆ ಸೂಟ್‌ಕೇಸು ತೆರೆದಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಆ ನಿಲುವು ಕಂಡ ಗಂಡ ರಂಗೇಶ, ಕೇಳಬೇಕೆಂದಿದ್ದ ಕಾಫಿಯನ್ನು ಕೇಳದೆ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಮರುದಿನದಿಂದ ಎರಡು ದಿನದ ಪ್ರವಾಸ, ಬಾಡಿಗೆ ಕಾರಿನಲ್ಲಿ. ಹೊಳಲ್ಕೆರೆ ದಾಟಿ ಚಿತ್ರದುರ್ಗದ ಕೋಟೆ, ಸಂಜೆಗೆ ಜೋಗಿಮಟ್ಟಿ ಬೆಟ್ಟ, ರಾತ್ರಿಗೆ ಲಾಡ್ಜು, ಮಾರನೆ ದಿನ ಹಿರಿಯೂರಿನ ಮೇಲೆ ಮಾರಿಕಣಿವೆ ಅಣೆಕಟ್ಟು. ಆ ವಾರದ ಹವೆಗೆ ತಲೆ ನೆಟ್ಟಗಿರಲಿಲ್ಲ. ಹತ್ತು ಗಂಟೆಗೆ ಬಿಸಿಲು, ಹನ್ನೆರಡಕ್ಕೆ ಆಳು ಹಾರುವಂಥ ಗಾಳಿ, ಮೂರಕ್ಕೆ ಸೋನೆ. ಆದರೆ ಮೀನಾಕ್ಷಿಯ ಹಗೆ ಹವೆಯಲ್ಲ. ಹಗೆಯ ಹೆಸರು ರಮ್ಯಾ.

ರಮ್ಯಾ ರಂಗೇಶನ ತಂಗಿ, ಯಲ್ಲದಕೆರೆಗೆ ಕೊಟ್ಟ ಮನೆಮಗಳು. ಪ್ರವಾಸವೆಂದರೆ ಒಂದು ಹ್ಯಾಂಡ್‌ಬ್ಯಾಗಿನಲ್ಲಿ ಬಾಚಣಿಗೆ, ಫೋನಿನ ಚಾರ್ಜರು ಹಾಕಿಕೊಂಡು ಬರುವವಳು. ಬಟ್ಟೆ? 'ಅತ್ತಿಗೆ ಹೆಂಗೂ ತಂದಿರ್ತಾಳೆ.' ಹಿಂದೊಮ್ಮೆ ಧರ್ಮಸ್ಥಳದ ದಾರಿಯಲ್ಲಿ ಗಿಳಿಹಸಿರು ಚೂಡಿದಾರ ಸೆರೆಯಾಯಿತು. ಹಂಪಿಯಲ್ಲಿ ಮಾವಿನ ಬಣ್ಣದ ಅನಾರ್ಕಲಿ ವೀರಮರಣ ಹೊಂದಿತು. ಹೋದ ಒಂದು ಬಟ್ಟೆಯೂ ತವರಿನ ಮುಖ ಕಾಣಲಿಲ್ಲ. ಪ್ರವಾಸದ ಫೋಟೋಗಳಲ್ಲಿ ಮೀನಾಕ್ಷಿಯ ಒಳ್ಳೆ ಬಟ್ಟೆಗಳೆಲ್ಲ ಇದ್ದವು. ಅವುಗಳ ಒಳಗೆ ಮೀನಾಕ್ಷಿ ಇರಲಿಲ್ಲ. ಅವಳು ಪಕ್ಕದಲ್ಲಿ ಮಾಸಲು ಸಿಂಥೆಟಿಕ್ ಸೀರೆಯುಟ್ಟು, ಎಲ್ಲರ ಚಪ್ಪಲಿ ಕಾಯುವವಳಂತೆ ನಿಂತಿರುತ್ತಿದ್ದಳು.

ಕೊಡುವುದಿಲ್ಲ ಎನ್ನುವಂತಿರಲಿಲ್ಲ. ಅತ್ತೆ ಜುಂಜಮ್ಮನ ಶಾಸನವಿತ್ತು: "ಮನೆಮಗಳು ಬಾಯ್ಬಿಟ್ಟು ಕೇಳಿದ್ ಮ್ಯಾಲೆ ಇಲ್ಲ ಅನ್ಬಾರ್ದು ಕಣವ್ವ." ರಮ್ಯಾ ಅತ್ತಿಗೆಗಿಂತ ದಪ್ಪ ಎಂಬುದೂ ಅಡ್ಡಿಯಾಗಲಿಲ್ಲ. ಒಳ್ಳೆ ಟೈಲರು ಯಾವ ಬಟ್ಟೆ ಹೊಲಿದರೂ ಮುಂದೆ ಸಡಿಲ ಮಾಡಲೆಂದು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾಳೆ. ಲಾಡ್ಜಿನ ಮಂಚದ ಮೇಲೆ ಕುಳಿತು ತನ್ನ ಬಟ್ಟೆಯನ್ನು ತಾನೇ ಬಿಚ್ಚಿ, ಶತ್ರುವಿನ ಮೈಯಳತೆಗೆ ಹೊಲಿದುಕೊಟ್ಟ ಸೇನಾಪತಿ ಈ ಲೋಕದಲ್ಲಿ ಮೀನಾಕ್ಷಿ ಒಬ್ಬಳೇ.

ಈ ಸಲ ಆಕೆ ತನ್ನ ಧಾರೆಯ ಮೊಳಕಾಲ್ಮೂರು ಸೀರೆಯನ್ನು ಕತ್ತರಿಸಿದ್ದಳು. ಮಡಿಕೆಯಲ್ಲಿ ಸೀಳುಬಿಟ್ಟಿದ್ದ ಆ ಕಡುಗೆಂಪು ರೇಷ್ಮೆಯಿಂದ ಮೊಣಕಾಲಿನವರೆಗೆ ಇಳಿಯುವ ಕೋಟು ಹುಟ್ಟಿತು. ಕಾಲರಿಗೂ ಮುಂಗೈಗೂ ಜರಿಯಂಚು, ಚಳಿಗೆಂದು ಒಳಗೆ ತೆಳು ಫ್ಲಾನೆಲ್. ಇದನ್ನು ತೊಟ್ಟು ಒಂದು ಫೋಟೋ. ಒಂದೇ ಒಂದು. ಆಕೆಯ ಬೇಡಿಕೆ ಅಷ್ಟೇ.

ತಾನು ಇಲ್ಲ ಎನ್ನಲಾರದಿದ್ದರೆ ಕೋಟೇ ಇಲ್ಲ ಎನ್ನಲಿ! ಮೀನಾಕ್ಷಿ ಕತ್ತರಿ ತೆಗೆದು, ಕೋಟಿನ ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಹೊಲಿಗೆಯ ಅಂಚಿನವರೆಗೆ ಕತ್ತರಿಸಿ ಬಿಸುಟಳು. ಇನ್ನು ಬ್ರಹ್ಮ ಬಂದರೂ ಅದನ್ನು ಕಾಲಿಂಚು ಸಡಿಲ ಮಾಡಲಾರ. ಆಮೇಲೆ ಸೂಟ್‌ಕೇಸನ್ನು ದುರ್ಗದ ಕೋಟೆಯಂತೆಯೇ ಏಳು ಸುತ್ತಾಗಿ ಕಟ್ಟಿದಳು. ಹೊರಸುತ್ತಿನಲ್ಲಿ ಗಂಡನ ಬನಿಯನ್ನು, ಟವೆಲ್ಲು. ಅದರ ಹಿಂದೆ ಬಿಸಿಲಿಗೆ ಬಿಳಿ ಕಾಟನ್ ಕುರ್ತಾ, ಗಾಳಿಗೆ ಸ್ಕಾರ್ಫು, ಮಳೆಗೆ ಬೇಗ ಒಣಗುವ ಪಲಾಜೋ ಸೆಟ್ಟು. ಗರ್ಭದಲ್ಲಿ, ಹಳೇ ನೈಟಿಯ ಮರೆಯಲ್ಲಿ, ಕೋಟು.

ಸಂಜೆ ಬಸ್ಸಿಳಿದು ಬಂದ ರಮ್ಯಾ ಹ್ಯಾಂಡ್‌ಬ್ಯಾಗು ಎಸೆದು ಕೇಳಿದಳು, "ಅತ್ತಿಗೇ, ನಮಗೆ ಏನೇನ್ ಇಟ್ಟಿದೀಯ?"

ನಮಗೆ! ಮೀನಾಕ್ಷಿ ಹಲ್ಲು ಕಚ್ಚಿದ ಸದ್ದು ಕುಕ್ಕರಿನ ಸೀಟಿಯಲ್ಲಿ ಮುಚ್ಚಿಹೋಯಿತು.

ಮರುದಿನ ಕೋಟೆಯ ಬಂಡೆಗಳ ನಡುವೆ ಬಿಳಿ ಕುರ್ತಾ ರಮ್ಯಾಳ ಪಾಲಾಯಿತು. ಅದು ಸೋನೆಯಲ್ಲಿ ನೆನೆಯಿತೆಂದು ಮಧ್ಯಾಹ್ನ ಪಲಾಜೋ ಹೋಯಿತು, ಗಾಳಿಗೆ ಸ್ಕಾರ್ಫೂ ಹೋಯಿತು. ಸಂಜೆ ಜೋಗಿಮಟ್ಟಿಯ ನೆತ್ತಿಯಲ್ಲಿ ಮಂಜು ಕವಿದು, ಗಾಳಿ ಮೂಳೆಗೆ ಇಳಿಯುವ ಹೊತ್ತಿಗೆ ಮೀನಾಕ್ಷಿ ಕಾರಿನ ಮರೆಯಿಂದ ಕೋಟು ತೊಟ್ಟು ಹೊರಬಂದಳು.

"ಅಯ್ಯೋ ಅತ್ತಿಗೆ, ಏನ್ ಚಂದ ಐತೆ! ತಾ, ಒಂದ್ ಫೋಟಾ ತೆಗೆಸ್ಕಳ್ತೀನಿ."

"ತಗ ತಾಯಿ, ಹಾಕ್ಕ," ಎಂದು ಮೀನಾಕ್ಷಿ ಜೇನು ಸುರಿದಂತೆ ಹೇಳಿ ಬಿಚ್ಚಿಕೊಟ್ಟಳು. ತೋಳು ರಮ್ಯಾಳ ಮೊಣಕೈಯಲ್ಲಿ ಸಿಕ್ಕಿಕೊಂಡಿತು.

"ಲೂಸ್ ಮಾಡಿಕೊಡು ಅತ್ತಿಗೆ. ಸೂಜಿ ದಾರ ತಂದಿದೀಯಲ್ಲ."

"ಒಳಗೆ ಬಟ್ಟೆನೇ ಬಿಟ್ಟಿಲ್ಲ ಕಣೆ."

"ನೀನು? ಬಟ್ಟೆ ಬಿಡ್ದೆ ಹೊಲ್ದಿದೀಯ?"

"ಬಿಟ್ಟಿದ್ದೆ. ಕತ್ತರಿಸ್ಬಿಟ್ಟೆ."

ಗೆಲುವಿನ ಕಹಳೆ ಇನ್ನೇನು ಮೊಳಗಬೇಕು, ಕಾರಿನೊಳಗೆ ಕಂಬಳಿ ಹೊದ್ದು ಕುಳಿತಿದ್ದ ಜುಂಜಮ್ಮ ಕಿಟಕಿಯಿಂದ ತಲೆ ಹಾಕಿದಳು. "ತೋಳು ಯಾಕ್ ತೂರಿಸ್ತೀಯವ್ವ? ಹಂಗೇ ಹೆಗಲ ಮ್ಯಾಲೆ ಹೊದ್ಕ. ಹೊದ್ಕಳಾಕೆ ಅಳತೆ ಯಾಕೆ?"

ಕೋಟೆ ಬಿತ್ತು. ಅಳತೆಯಿಲ್ಲದ, ಹೊಲಿಗೆಯಿಲ್ಲದ ಕಂಬಳಿಯನ್ನು ಹೆಗಲಿಗೆಸೆದುಕೊಂಡೇ ತಲೆಮಾರುಗಟ್ಟಲೆ ಕುರಿ ಕಾಯ್ದ ಮನೆತನ ಅದು. ಇಂಚುಪಟ್ಟಿ ಹಿಡಿದು ಯುದ್ಧಕ್ಕೆ ಹೊರಟ ಸೊಸೆಗೆ ಇದು ಹೊಳೆದಿರಲಿಲ್ಲ. ರಮ್ಯಾ ಕೋಟನ್ನು ಹೆಗಲಿಗೆ ಹಾಕಿಕೊಂಡು ಆಗಲೇ ಕತ್ತು ಓರೆ ಮಾಡಿ ನಿಂತಿದ್ದಳು.

ಮೀನಾಕ್ಷಿ ನೇರ ಹೋಗಿ ಅವಳ ಹೆಗಲಿನಿಂದ ಕೋಟನ್ನು ಕಿತ್ತುಕೊಂಡಳು. "ಕೊಡಲ್ಲ."

"ಏನಂದೆ?" ಎಂದಳು ಜುಂಜಮ್ಮ.

"ಕೊಡಲ್ಲ ಅಂದೆ ಅತ್ತೆ. ಗಿಳಿಹಸಿರು ಹೋತು, ಮಾವಿನ ಬಣ್ಣದ್ದು ಹೋತು, ಕೇಳಿದೀನಾ? ಇದು ನನ್ ಧಾರೆ ಸೀರೆ. ಮನೆಮಗಳು ಕೇಳ್ಲಿ, ಮನೆದೇವ್ರೇ ಬಂದ್ ಕೇಳ್ಲಿ, ಕೊಡಲ್ಲ!" ಬೆಟ್ಟ ನೋಡಲು ಬಂದಿದ್ದ ಇನ್ನೊಂದು ಸಂಸಾರ ಬೆಟ್ಟಕ್ಕೆ ಬೆನ್ನು ಹಾಕಿ ಇತ್ತ ತಿರುಗಿತು.

"ಹೋಗ್ಲಿ ಬಿಡೆ," ಎಂದು ರಂಗೇಶ ಗೊಣಗಿದ. "ಪಾಪ, ಚಳಿಗೆ ನಡುಗ್ತೈತೆ ಹುಡುಗಿ."

"ನಡುಗ್ತೈತಾ? ನಿಮ್ ತಂಗಿ ಅಲ್ವೇನ್ರಿ? ನಿಮ್ ಜರ್ಕಿನ್ ಬಿಚ್ಚಿ ಕೊಡ್ರಿ."

ರಂಗೇಶನ ಕೈ ಮೊದಲು ಜಿಪ್ಪನ್ನು ಮೇಲಕ್ಕೆಳೆಯಿತು. ಹೆಂಡತಿಯ ಕಣ್ಣು ನೋಡಿ ಕೆಳಕ್ಕೆಳೆಯಿತು. ಬೀಡಿ ವಾಸನೆಯ ಆ ಜರ್ಕಿನ್ನಿನಲ್ಲಿ ರಮ್ಯಾ ಮುಖ ಊದಿಸಿಕೊಂಡು ಕಾರು ಸೇರಿದಳು. ಬರೀ ಅಂಗಿಯಲ್ಲಿ ಉಳಿದ ರಂಗೇಶ ಹೆಂಡತಿಯ ಫೋಟೋ ತೆಗೆಯಬೇಕಾಯಿತು. ಚಳಿಗೆ ಕೈ ಅದುರಿ ಮೊದಲ ಏಳು ಫೋಟೋ ಮಸುಕಾದವು. "ಇನ್ನೊಂದ್ ತೆಗೀರಿ," ಎನ್ನುತ್ತಲೇ ಇದ್ದಳು ಮೀನಾಕ್ಷಿ.

ಮಾರನೆ ದಿನ ಮಾರಿಕಣಿವೆಯಲ್ಲಿ ಒಂದು ಮೋಡವಿಲ್ಲ. ಅಣೆಕಟ್ಟಿನ ಕಲ್ಲು ಕಾದ ಹೆಂಚಾಗಿತ್ತು. ಕೋಟಿನ ಫ್ಲಾನೆಲ್ಲಿನೊಳಗೆ ಮೀನಾಕ್ಷಿ ಬೇಯುತ್ತಿದ್ದಳು. ಹಣೆಯಿಂದ ಬೆವರು ಜರಿಯ ಕಾಲರಿಗೆ ಇಳಿಯುತ್ತಿತ್ತು. ತುಸು ದೂರದಿಂದ ರಮ್ಯಾ ಕೋಟನ್ನೇ ಗಮನವಿಟ್ಟು ನೋಡುತ್ತಿದ್ದಳು.

"ಅತ್ತಿಗೆ, ಸೆಖೆ ಆಗಲ್ವಾ?"

"ಆಗ್ತೈತೆ," ಎಂದ ಮೀನಾಕ್ಷಿ, ಬಿಟ್ಟಿದ್ದ ಮೇಲಿನ ಗುಂಡಿಯನ್ನೂ ಹಾಕಿಕೊಂಡಳು.